ಪ್ಲಾಟಿನಂ ನಾಣ್ಯದ ಬೆಡಗು, ಪೆಟ್ಟಿಗೆಯ ರೂಪಾಯಿಯ ಬೆಲೆ
ಸ್ಮರಣಾರ್ಥ ನಾಣ್ಯಗಳ ಸಂಗ್ರಹ ಮತ್ತು ಮರುಮಾರಾಟ: ಓದುಗರಿಗೊಂದು ಕೈಪಿಡಿ

ಕೊಪ್ಪಳ: ‘ಸೀಮಿತ ಸಂಖ್ಯೆಯ ಪ್ಲಾಟಿನಂ ಸ್ಮರಣಾರ್ಥ ನಾಣ್ಯ, ಇಂದೇ ಕಾಯ್ದಿರಿಸಿ’ ಎಂಬ ಜಾಹೀರಾತು ಒಂದೆಡೆ. ‘ನಿಮ್ಮ ಮನೆಯಲ್ಲಿರುವ ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ’ ಎಂಬ ಸಂದೇಶ ಇನ್ನೊಂದೆಡೆ. ಮಹಾನಗರಗಳಿಗೆ ಮಾತ್ರ ಸೀಮಿತವಾಗಿದ್ದ ಈ ಎರಡೂ ಬಗೆಯ ಆಮಿಷಗಳು ಮೊಬೈಲ್ ಮೂಲಕ ಗಂಗಾವತಿಯ ಅಕ್ಕಿ ವ್ಯಾಪಾರಿಯನ್ನೂ ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ರೈತನನ್ನೂ ತಲುಪಿವೆ. ಮೊದಲನೆಯದು ಕೊಳ್ಳಲು ಹೇಳುತ್ತದೆ, ಎರಡನೆಯದು ಮಾರಲು ಹೇಳುತ್ತದೆ. ನಾಣ್ಯದ ನಿಜವಾದ ಬೆಲೆ ಏನು, ಅದನ್ನು ನಿರ್ಧರಿಸುವವರು ಯಾರು ಎಂಬುದನ್ನು ಮಾತ್ರ ಎರಡೂ ಹೇಳುವುದಿಲ್ಲ.

ಲೋಹದ ಬೆಲೆ, ಮುಖಬೆಲೆ ಹಾಗೂ ಸಂಗ್ರಹಕಾರನು ಕೊಡಲು ಸಿದ್ಧನಿರುವ ಬೆಲೆ ಇವು ಮೂರೂ ಬೇರೆ ಬೇರೆ. ಇವುಗಳ ನಡುವಿನ ಅಂತರ ತಿಳಿಯದ ಕಾರಣಕ್ಕೇ ಕೆಲವರು ಸಾಮಾನ್ಯ ನಾಣ್ಯವನ್ನು ಅಪರೂಪವೆಂದು ನಂಬಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಮತ್ತೆ ಕೆಲವರು ನಿಜಕ್ಕೂ ಅಪರೂಪವಾದ ಅಜ್ಜನ ಕಾಲದ ರೂಪಾಯಿಯನ್ನು ತೂಕಕ್ಕೆ ಹಾಕಿ ಕಾಲ್ಗೆಜ್ಜೆ ಮಾಡಿಸಿಕೊಳ್ಳುತ್ತಾರೆ. ಈ ಎರಡೂ ಬಗೆಯ ನಷ್ಟವನ್ನು ತಪ್ಪಿಸಿಕೊಳ್ಳಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಸ್ಮರಣಾರ್ಥ ನಾಣ್ಯ ಎಂದರೇನು?

ಒಬ್ಬ ಮಹನೀಯರ ಅಥವಾ ಒಂದು ಘಟನೆಯ ನೆನಪಿಗಾಗಿ ಸರ್ಕಾರ ಹೊರಡಿಸುವ ನಾಣ್ಯವೇ ಸ್ಮರಣಾರ್ಥ ನಾಣ್ಯ. ಸ್ವತಂತ್ರ ಭಾರತದಲ್ಲಿ ಈ ಪರಂಪರೆ ಆರಂಭವಾದದ್ದು 1964ರಲ್ಲಿ. ಅದೇ ವರ್ಷ ನಿಧನರಾದ ಜವಾಹರಲಾಲ್ ನೆಹರೂ ಅವರ ನೆನಪಿಗೆ ಒಂದು ರೂಪಾಯಿ ಹಾಗೂ 50 ಪೈಸೆಯ ನಾಣ್ಯಗಳು ಬಂದವು. 1969ರಲ್ಲಿ ಮಹಾತ್ಮ ಗಾಂಧಿ ಜನ್ಮಶತಮಾನೋತ್ಸವಕ್ಕೆ ಹೊರಬಂದ ನಾಣ್ಯಗಳಲ್ಲಿ 10 ರೂಪಾಯಿಯ ಬೆಳ್ಳಿ ನಾಣ್ಯವೂ ಒಂದು. ಅದರ ತೂಕ 15 ಗ್ರಾಂ. ಅದರಲ್ಲಿ ಬೆಳ್ಳಿಯ ಪ್ರಮಾಣ ಶೇ 80.

ಕನ್ನಡಿಗರಿಗೆ ಹೆಚ್ಚು ಆಪ್ತವಾದದ್ದು 2006ರಲ್ಲಿ ಮಹಾತ್ಮ ಬಸವೇಶ್ವರರ ಹೆಸರಿನಲ್ಲಿ ಬಂದ 5 ಹಾಗೂ 100 ರೂಪಾಯಿ ನಾಣ್ಯಗಳು. 5 ರೂಪಾಯಿಯದು ಚಲಾವಣೆಗೆ ಬಂದಿತು. ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಇಂದಿಗೂ ಒಮ್ಮೊಮ್ಮೆ ಸಿಗುತ್ತದೆ. 100 ರೂಪಾಯಿಯದು ಚಲಾವಣೆಗಾಗಿ ಬಂದದ್ದಲ್ಲ, ಸಂಗ್ರಹಕಾರರಿಗಾಗಿಯೇ ಮಾಡಿದ್ದು. ಸ್ಮರಣಾರ್ಥ ನಾಣ್ಯಗಳಲ್ಲಿರುವ ಈ ಎರಡು ವರ್ಗಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ಚಲಾವಣೆಗೆ ಬಂದ ನಾಣ್ಯಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿರುವುದರಿಂದ ಅವು ಸಾಮಾನ್ಯವಾಗಿ ಮುಖಬೆಲೆಗಷ್ಟೇ ಬೆಲೆಬಾಳುತ್ತವೆ. ಸಂಗ್ರಹಕ್ಕೆಂದೇ ಮಾಡಿದ ನಾಣ್ಯಗಳು ಬ್ಯಾಂಕಿನ ಮೂಲಕ ಹಂಚಿಕೆಯಾಗುವುದಿಲ್ಲ. ಅವುಗಳನ್ನು ಟಂಕಸಾಲೆಗೆ ಹಣ ಕಟ್ಟಿ ತರಿಸಿಕೊಳ್ಳಬೇಕು.

ಪ್ರತಿಯೊಂದು ಸ್ಮರಣಾರ್ಥ ನಾಣ್ಯಕ್ಕೂ ಕೇಂದ್ರ ಹಣಕಾಸು ಸಚಿವಾಲಯವು ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ನಾಣ್ಯದ ಮುಖಬೆಲೆ, ತೂಕ, ವ್ಯಾಸ, ಅಂಚಿನ ಗೀರುಗಳ ಸಂಖ್ಯೆ, ಲೋಹಗಳ ಪ್ರಮಾಣ, ಎರಡೂ ಬದಿಯ ಚಿತ್ರ ಹಾಗೂ ಬರಹ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಯಾರಾದರೂ ‘ಸರ್ಕಾರಿ ನಾಣ್ಯ’ ಎಂದು ಹೇಳಿಕೊಂಡು ಮಾರಲು ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇದರ ಅಧಿಸೂಚನೆ ಎಲ್ಲಿದೆ?

ಪ್ಲಾಟಿನಂ ನಾಣ್ಯದ ಮೂಲ

ಪ್ಲಾಟಿನಂ ಇಂದು ಪ್ರತಿಷ್ಠೆಯ ಲೋಹವಾಗಿದ್ದರೂ ಅದರ ನಾಣ್ಯದ ಇತಿಹಾಸ ವಿಚಿತ್ರವಾಗಿದೆ. ಉರಲ್ ಪರ್ವತ ಪ್ರದೇಶದಲ್ಲಿ ಪ್ಲಾಟಿನಂ ನಿಕ್ಷೇಪ ದೊರೆತ ಮೇಲೆ ರಷ್ಯಾ 1828ರಲ್ಲಿ ಮೂರು ರೂಬಲ್ ಮೌಲ್ಯದ ಪ್ಲಾಟಿನಂ ನಾಣ್ಯವನ್ನು ಚಲಾವಣೆಗೆ ತಂದಿತು. ಅನಂತರ ಆರು ಮತ್ತು ಹನ್ನೆರಡು ರೂಬಲ್ಲಿನ ನಾಣ್ಯಗಳೂ ಬಂದವು. 1845ರಲ್ಲಿ ಈ ಪ್ರಯೋಗವನ್ನು ಕೈಬಿಡಲಾಯಿತು. ಅದೇ ಶತಮಾನದ ಮಧ್ಯಭಾಗದಲ್ಲಿ ಸ್ಪೇನಿನ ಖೋಟಾ ನಾಣ್ಯಗಾರರು ಪ್ಲಾಟಿನಂ ಮೇಲೆ ಚಿನ್ನದ ಲೇಪ ಕೊಟ್ಟು ಚಿನ್ನದ ನಾಣ್ಯವೆಂದು ಸಾಗಹಾಕುತ್ತಿದ್ದರು. ಆಗ ಪ್ಲಾಟಿನಂ ಚಿನ್ನಕ್ಕಿಂತ ಬಹಳ ಅಗ್ಗವಾಗಿತ್ತು. ಇಂದು ಆ ಖೋಟಾ ನಾಣ್ಯಗಳನ್ನೇ ಹುಡುಕಿಕೊಂಡು ಹೋಗುವ ಸಂಗ್ರಹಕಾರರಿದ್ದಾರೆ!

ಇಪ್ಪತ್ತನೆಯ ಶತಮಾನದಲ್ಲಿ ಸೋವಿಯತ್ ಒಕ್ಕೂಟವು 1980ರ ಮಾಸ್ಕೋ ಒಲಿಂಪಿಕ್ಸ್ ನೆನಪಿಗೆ 150 ರೂಬಲ್ ಮೌಲ್ಯದ ಪ್ಲಾಟಿನಂ ನಾಣ್ಯಗಳನ್ನು 1977ರಿಂದಲೇ ಹೊರಡಿಸಿತು. 1983ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ‘ನೋಬಲ್’, 1988ರಲ್ಲಿ ಕೆನಡಾದ ‘ಮೇಪಲ್ ಲೀಫ್’ ಹಾಗೂ ಆಸ್ಟ್ರೇಲಿಯಾದ ‘ಕೊವಾಲಾ’, 1997ರಲ್ಲಿ ಅಮೆರಿಕದ ‘ಪ್ಲಾಟಿನಂ ಈಗಲ್’ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಹೆಚ್ಚಿನವು ಹೂಡಿಕೆಯ ನಾಣ್ಯಗಳು. ಅವುಗಳ ಬೆಲೆ ಆಯಾ ದಿನದ ಪ್ಲಾಟಿನಂ ದರದೊಂದಿಗೆ ಏರಿಳಿಯುತ್ತದೆ. ಕನ್ನಡಿಯಂತೆ ಹೊಳೆಯುವ ‘ಪ್ರೂಫ್’ ಮಾದರಿಯ ಸೀಮಿತ ಸಂಖ್ಯೆಯ ನಾಣ್ಯಗಳಿಗೆ ಮಾತ್ರ ಲೋಹದ ಬೆಲೆಯ ಮೇಲೆ ಹೆಚ್ಚುವರಿ ಬೆಲೆ ಸೇರುತ್ತದೆ. ಆ ಹೆಚ್ಚುವರಿಯೂ ಕೊಳ್ಳುವವರು ಇರುವವರೆಗೆ ಮಾತ್ರ.

ಭಾರತದಲ್ಲಿ ಪ್ಲಾಟಿನಂ ನಾಣ್ಯ ಉಂಟೇ?

ಉತ್ತರ ಸ್ಪಷ್ಟ: ಇಲ್ಲ. ಭಾರತ ಸರ್ಕಾರ ಪ್ಲಾಟಿನಂ ಲೋಹದಲ್ಲಿ ಮುಖಬೆಲೆಯುಳ್ಳ ಯಾವ ಸ್ಮರಣಾರ್ಥ ನಾಣ್ಯವನ್ನೂ ಹೊರಡಿಸಿಲ್ಲ. ಅಲ್ಲದೆ, 2011ರ ನಾಣ್ಯ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಒಂದು ಸಾವಿರ ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ನಾಣ್ಯಕ್ಕೆ ಅವಕಾಶವಿಲ್ಲ. ಆ ಗರಿಷ್ಠ ಮೊತ್ತದ ನಾಣ್ಯವೂ ಬೆಳ್ಳಿಯದೇ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ ಬಂದ 1000 ರೂಪಾಯಿ ನಾಣ್ಯದಲ್ಲಿ ಶೇ 80 ಬೆಳ್ಳಿ, ಶೇ 20 ತಾಮ್ರ ಇದೆ.

ಗೊಂದಲಕ್ಕೆ ಒಂದು ಕಾರಣವೂ ಇದೆ. ಭಾರತೀಯ ರಿಸರ್ವ್ ಬ್ಯಾಂಕ್ ಸ್ಥಾಪನೆಯಾಗಿ 75 ವರ್ಷ ತುಂಬಿದಾಗ, ಅಂದರೆ 2010ರಲ್ಲಿ, ಅದರ ‘ಪ್ಲಾಟಿನಂ ಜುಬಿಲಿ’ ನೆನಪಿಗೆ 1, 2, 5, 10 ಹಾಗೂ 75 ರೂಪಾಯಿ ನಾಣ್ಯಗಳು ಬಂದವು. ಹುಲಿ ಹಾಗೂ ತಾಳೆಮರದ ಲಾಂಛನವುಳ್ಳ ಈ ನಾಣ್ಯಗಳನ್ನು ‘ಪ್ಲಾಟಿನಂ ಕಾಯಿನ್’ ಎಂದು ಕರೆದು ಮಾರಲು ಹೊರಟರೆ ಗ್ರಾಹಕ ಮೋಸ ಹೋಗುವುದು ಸುಲಭ. ಇಲ್ಲಿ ಪ್ಲಾಟಿನಂ ಎಂಬುದು ಉತ್ಸವದ ಹೆಸರೇ ಹೊರತು ಲೋಹದ ಹೆಸರಲ್ಲ. 75 ರೂಪಾಯಿಯದು ಬೆಳ್ಳಿ ಮಿಶ್ರಲೋಹದ್ದು. ಒಂದು, ಎರಡು ರೂಪಾಯಿಯವು ಸ್ಟೇನ್‌ಲೆಸ್ ಸ್ಟೀಲಿನವು.

ಆಭರಣ ಮಳಿಗೆಗಳಲ್ಲಿ ಸಿಗುವ ಪ್ಲಾಟಿನಂ ಬಿಲ್ಲೆಗಳನ್ನೂ ಜನ ನಾಣ್ಯ ಎಂದೇ ಕರೆಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅವು ನಾಣ್ಯಗಳಲ್ಲ, ಪದಕಗಳು. ಅವುಗಳಿಗೆ ಮುಖಬೆಲೆ ಇಲ್ಲ. 2015ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ, ಅಶೋಕ ಚಕ್ರವುಳ್ಳ ‘ಇಂಡಿಯನ್ ಗೋಲ್ಡ್ ಕಾಯಿನ್’ ಕೂಡ ಚಲಾವಣೆಯ ನಾಣ್ಯವಲ್ಲ. ಚಿನ್ನ, ಬೆಳ್ಳಿಗೆ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ವ್ಯವಸ್ಥೆ ಇದೆ; ಪ್ಲಾಟಿನಂ ಆ ವ್ಯವಸ್ಥೆಗೆ ಸೇರಿಲ್ಲ. ಆದ್ದರಿಂದ ಪ್ಲಾಟಿನಂ ಕೊಳ್ಳುವವರು ಶುದ್ಧತೆಯ ಪ್ರಮಾಣಪತ್ರ ಹಾಗೂ ಮರುಖರೀದಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು ಅಗತ್ಯ. ನಮ್ಮ ತಾಲ್ಲೂಕು ಕೇಂದ್ರಗಳ ಸರಾಫ ಅಂಗಡಿಗಳಲ್ಲಿ ಚಿನ್ನಕ್ಕೆ, ಬೆಳ್ಳಿಗೆ ಕೊಳ್ಳುವವರು ನಿತ್ಯ ಸಿಗುತ್ತಾರೆ. ಪ್ಲಾಟಿನಂ ಬಿಲ್ಲೆಯನ್ನು ತುರ್ತಿಗೆ ಮಾರಲು ಹೊರಟವರಿಗೆ ಅಂಥ ಅನುಕೂಲ ಕಡಿಮೆ.

ವಿದೇಶದಲ್ಲಿ ದುಡಿಯಲು ಹೋದ ಬಂಧುಗಳ ಮೂಲಕ ಅಲ್ಲಿನ ಪ್ಲಾಟಿನಂ ನಾಣ್ಯ ತರಿಸಿಕೊಳ್ಳುವವರು ಅದನ್ನು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಿಸಿ, ಸುಂಕದ ರಸೀದಿಯನ್ನು ನಾಣ್ಯದೊಂದಿಗೇ ಕಾಯ್ದಿಡಬೇಕು. ದಾಖಲೆಯಿಲ್ಲದ ನಾಣ್ಯವನ್ನು ಮರುಮಾರಾಟ ಮಾಡುವಾಗ ಒಳ್ಳೆಯ ಬೆಲೆ ಸಿಗುವುದು ಕಷ್ಟ.

ಬೆಲೆ ಕಟ್ಟುವ ಬಗೆ

ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿ ಭಾರತ ಸರ್ಕಾರದ ಟಂಕಸಾಲೆಗಳಿವೆ. 2006ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರತಿಭೂತಿ ಮುದ್ರಣ ಹಾಗೂ ಮುದ್ರಾ ನಿರ್ಮಾಣ ನಿಗಮ ಇವುಗಳನ್ನು ನಡೆಸುತ್ತದೆ. ಸಂಗ್ರಹಕಾರರು ನಿಗಮದ ಅಧಿಕೃತ ಜಾಲತಾಣದ ಮೂಲಕ ಮುಂಗಡ ಹಣ ಕಟ್ಟಿ ನಾಣ್ಯ ಪಡೆಯಬಹುದು. ‘ಪ್ರೂಫ್’ ಮತ್ತು ‘ಅನ್‌ಸರ್ಕ್ಯುಲೇಟೆಡ್’ ಎಂಬ ಎರಡು ದರ್ಜೆಗಳಿವೆ. ಮೊದಲನೆಯದು ವಿಶೇಷವಾಗಿ ಹೊಳಪು ಕೊಟ್ಟ ಅಚ್ಚಿನಿಂದ ಮಾಡಿದ್ದು. ಎರಡನೆಯದು ಚಲಾವಣೆಗೆ ಬಾರದ ಹೊಸ ನಾಣ್ಯ.

ಬಹುಕಾಲ ಈ ನಾಣ್ಯಗಳು 35 ಗ್ರಾಂ ತೂಕ, 44 ಮಿಲಿಮೀಟರ್ ವ್ಯಾಸದವಾಗಿದ್ದವು. ಶೇ 50 ಬೆಳ್ಳಿ, ಶೇ 40 ತಾಮ್ರ, ತಲಾ ಶೇ 5 ನಿಕ್ಕಲ್ ಮತ್ತು ಸತು ಇವುಗಳ ಪ್ರಮಾಣ. 2023ರಲ್ಲಿ ನೂತನ ಸಂಸತ್ ಭವನದ ಉದ್ಘಾಟನೆಗೆ ಬಂದ 75 ರೂಪಾಯಿ ನಾಣ್ಯವೂ ಇದೇ ಮಾದರಿಯದು. 2024ರಲ್ಲಿ ರಿಸರ್ವ್ ಬ್ಯಾಂಕಿನ 90 ವರ್ಷಗಳ ನೆನಪಿಗೆ ಬಂದ 90 ರೂಪಾಯಿ ನಾಣ್ಯ ಮಾತ್ರ 40 ಗ್ರಾಂ ತೂಕದ ಶುದ್ಧ ಬೆಳ್ಳಿಯದು. ಹಾಗಾಗಿ ನೋಡಲು ಒಂದೇ ಗಾತ್ರದ ಎರಡು ನಾಣ್ಯಗಳಲ್ಲಿ ಒಂದರ ಬೆಳ್ಳಿ ಇನ್ನೊಂದರ ಎರಡು ಪಟ್ಟಿಗೂ ಹೆಚ್ಚಿರಬಹುದು.

ಲೆಕ್ಕ ಕಠಿಣವೇನಲ್ಲ. 35 ಗ್ರಾಂ ನಾಣ್ಯದಲ್ಲಿ ಅರ್ಧ ಬೆಳ್ಳಿ ಎಂದರೆ ಹದಿನೇಳೂವರೆ ಗ್ರಾಂ. ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡರೆ ಲೋಹದ ಬೆಲೆ 1,750 ರೂಪಾಯಿ. ಟಂಕಸಾಲೆಗೆ ಕಟ್ಟಿದ ಹಣದಲ್ಲಿ ಇದನ್ನು ಕಳೆದರೆ ಉಳಿಯುವುದು ಅಚ್ಚಿನ ಕೂಲಿ, ಪೆಟ್ಟಿಗೆ, ತೆರಿಗೆ ಹಾಗೂ ಲಾಭ. ಮರುದಿನವೇ ಮಾರಲು ಹೋದರೆ ಆ ಉಳಿದ ಭಾಗವನ್ನು ಯಾರೂ ಕೊಡುವುದಿಲ್ಲ. ಅದು ಮರಳಿ ಬರಬೇಕಾದರೆ ಬೆಳ್ಳಿಯ ದರ ಏರಬೇಕು, ಇಲ್ಲವೇ ಬೇಡಿಕೆ ಪೂರೈಕೆಯನ್ನು ಮೀರಬೇಕು.

‘ಸೀಮಿತ ಆವೃತ್ತಿ’ ಎಂಬ ಮಾತನ್ನು ಇಲ್ಲಿಯೇ ಒರೆಗೆ ಹಚ್ಚಬೇಕು. ಐದು ಸಾವಿರ ನಾಣ್ಯ ಮಾಡಿ, ಕೊಳ್ಳುವವರು ಎರಡು ಸಾವಿರ ಮಂದಿ ಇದ್ದರೆ ಅದು ಅಪರೂಪವಲ್ಲ. ಐವತ್ತು ಸಾವಿರ ಮಾಡಿ, ಒಂದು ಲಕ್ಷ ಮಂದಿ ಕೇಳಿದರೆ ಅದು ಅಪರೂಪ. ಸಂಖ್ಯೆಯನ್ನು ತಯಾರಕ ಮಿತಿಗೊಳಿಸಬಲ್ಲ. ಬೇಡಿಕೆಯನ್ನು ಯಾರೂ ಅಚ್ಚು ಹಾಕಲಾರರು.

ನಿಜವಾದ ಅಪರೂಪ ಹೆಚ್ಚಾಗಿ ಆಕಸ್ಮಿಕವಾಗಿ ಹುಟ್ಟುತ್ತದೆ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಆತನ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದಿತು. ಆ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಿಂದ ತಿದ್ದಿದ ಚಿತ್ರವನ್ನು ಬಳಸಲಾಯಿತು. ಹಾಗೆಯೇ ಆರನೆಯ ಜಾರ್ಜ್ ಕಾಲದ 1939ರ ಬೆಳ್ಳಿ ರೂಪಾಯಿ ಅತಿ ವಿರಳ. ನಂತರದ 1940, 1941ರವು ಧಾರಾಳವಾಗಿ ಸಿಗುತ್ತವೆ. ಇಸವಿಯ ಒಂದಂಕಿಯ ವ್ಯತ್ಯಾಸ ಬೆಲೆಯನ್ನೇ ಬದಲಿಸುತ್ತದೆ. ಕರಗಿಸುವ ಮೂಸೆಗೆ ಮಾತ್ರ ಈ ಭೇದ ತಿಳಿಯದು.

ನಮ್ಮ ಪೆಟ್ಟಿಗೆಯಲ್ಲಿರುವುದು ಏನು?

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಅದಕ್ಕೂ ಬಹಳ ಮೊದಲು, 1948ರವರೆಗೆ, ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಭಾಗಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ‘ಹಾಲಿ ಸಿಕ್ಕಾ’ ರೂಪಾಯಿ. ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ಮದ್ರಾಸ್ ಪ್ರಾಂತ್ಯ, ಪಶ್ಚಿಮಕ್ಕೆ ಗದಗಕ್ಕೆ ಹೋದರೆ ಮುಂಬೈ ಪ್ರಾಂತ್ಯ. ಎರಡೂ ಕಡೆ ಬ್ರಿಟಿಷ್ ರೂಪಾಯಿ, ಅಂದರೆ ಹಿರಿಯರ ಮಾತಿನ ‘ಕಲ್ದಾರ’. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ವಿನಿಮಯದ ದರ. ಹೀಗೆ ಎರಡು ನಾಣ್ಯಗಳ ಗಡಿಯಲ್ಲಿ ಬದುಕಿದ ಜನ ನಮ್ಮವರು. ಸಂತೆಗೆ ಹೋಗಿ ಬರುವಷ್ಟರಲ್ಲಿ ಚೀಲದಲ್ಲಿ ಎರಡೂ ಬಗೆಯ ರೂಪಾಯಿ ಸೇರುತ್ತಿದ್ದವು. ಇಂದಿಗೂ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅವೆರಡೂ ಜೊತೆಯಾಗಿ ಕಾಣಸಿಗುವುದಕ್ಕೆ ಇದೇ ಕಾರಣ.

ಹಾಲಿ ರೂಪಾಯಿಯನ್ನು ಗುರುತಿಸುವುದು ಸುಲಭ. 1903–04ರ ನಂತರದವುಗಳ ಮೇಲೆ ಚಾರ್‌ಮಿನಾರ್ ಚಿತ್ರವಿದೆ. ಅದರ ಬಾಗಿಲಿನೊಳಗೆ ಒಂದು ಚಿಕ್ಕ ಅಕ್ಷರವಿರುತ್ತದೆ. ‘ಮೀಮ್’ ಇದ್ದರೆ 1911ರವರೆಗೆ ಆಳಿದ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು. ‘ಐನ್’ ಇದ್ದರೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು. ಇಸವಿ ಹಿಜರಿ ಶಕೆಯಲ್ಲಿರುತ್ತದೆ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸರಿಸುಮಾರು ದೊರೆಯುತ್ತದೆ. ಹಿಜರಿ 1321 ಎಂದರೆ 1903–04. ಚಾರ್‌ಮಿನಾರ್ ಬೆಳ್ಳಿ ರೂಪಾಯಿಯ ತೂಕ ಸುಮಾರು 11.2 ಗ್ರಾಂ, ಬೆಳ್ಳಿ ಶೇ 81.8. ಈ ನಾಣ್ಯಗಳು ತಯಾರಾಗುತ್ತಿದ್ದ ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯಲ್ಲಿ 2022ರಿಂದ ವಸ್ತುಸಂಗ್ರಹಾಲಯವಿದೆ. ಅಂದಹಾಗೆ ಭಾರತೀಯ ರೂಪಾಯಿ ಇಲ್ಲಿಗೆ 1950ರಲ್ಲಿ ಬಂದರೂ ಹಾಲಿ ಸಿಕ್ಕಾ ಕಾನೂನು ಮಾನ್ಯತೆಯನ್ನು ಪೂರ್ಣವಾಗಿ ಕಳೆದುಕೊಂಡದ್ದು 1959ರಲ್ಲಿ.

ಕಲ್ದಾರ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ‘ರಾಣಿ ಛಾಪು’, ‘ರಾಜ ಛಾಪು’ ಎಂದು ಕರೆಯುವ ಹಳೆಯ ರೂಪಾಯಿಗಳಲ್ಲಿ ಬೆಳ್ಳಿ ಸುಮಾರು ಶೇ 91.7. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಅದನ್ನು ಶೇ 50ಕ್ಕೆ ಇಳಿಸಲಾಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ಲಿನದು. ಎಲ್ಲವನ್ನೂ ಒಂದೇ ರಾಶಿ ಹಾಕಿ ‘ಹಳೇ ಬೆಳ್ಳಿ’ ಎಂದು ಕೊಡುವ ಮುನ್ನ ಇಸವಿ ನೋಡಿ ಬೇರ್ಪಡಿಸುವುದು ಜಾಣತನ.

ಜಿಲ್ಲೆಯ ಲಂಬಾಣಿ ತಾಂಡಾಗಳ ಹಿರಿಯ ಮಹಿಳೆಯರ ಕೊರಳ ಹಾರಗಳಲ್ಲಿಯೂ ಹಳೆಯ ನಾಣ್ಯಗಳಿವೆ. ಆದರೆ ತೂತು ಕೊರೆದ, ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರ ಲೋಹದ ಬೆಲೆಗಿಂತ ಹೆಚ್ಚು ಕೊಡುವುದು ವಿರಳ. ಅದರ ಮೌಲ್ಯ ಆ ಹಾರವಾಗಿಯೇ ಹೆಚ್ಚು.

ವಿಜಯನಗರದ ಸ್ಮರಣೆಯ ನಾಣ್ಯ

ನೆನಪಿಗಾಗಿ ನಾಣ್ಯ ಹೊರಡಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರಿಗೇ, ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ ಇದೆ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣ ವಿಗ್ರಹವನ್ನು ಹಂಪಿಯಲ್ಲಿ ಪ್ರತಿಷ್ಠಾಪಿಸಿದನು. ಆತನ ಚಿನ್ನದ ನಾಣ್ಯದ ಮೇಲಿರುವ ಬಾಲಕೃಷ್ಣನ ಚಿತ್ರವು ಆ ವಿಜಯದ ನೆನಪಿನದು ಎಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ವರಾಹದ ಅರ್ಧ ಪ್ರತಾಪ. ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಇಂದು ನಾವು ದುಡ್ಡಿಗೆ ಬಳಸುವ ‘ಹಣ’ ಎಂಬ ಪದ ಹೀಗೆ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರೂ ಆಗಿತ್ತು. ವರಾಹದ ತೂಕ ಸುಮಾರು 3.4 ಗ್ರಾಂ. ಆಸಕ್ತರು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ನೋಡಬಹುದು. ಕರ್ನಾಟಕದ ನಾಣ್ಯಗಳ ಕುರಿತು ಡಾ. ಎ.ವಿ. ನರಸಿಂಹಮೂರ್ತಿ ಅವರು 1975ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಇಂದಿಗೂ ಆಕರವಾಗಿದೆ.

ಮಾರುವಾಗ ಗಮನಿಸಬೇಕಾದದ್ದು

ನಾಣ್ಯ ಮಾರಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸ್ಥಳೀಯ ಸರಾಫರು. ಹಣ ತಕ್ಷಣ ಸಿಗುತ್ತದೆ, ಆದರೆ ಲೋಹದ ಲೆಕ್ಕದಲ್ಲಿ ಮಾತ್ರ. ಎರಡನೆಯದು ನಾಣ್ಯ ವ್ಯಾಪಾರಿ. ಆತ ಮುಂದೆ ಮಾರಬೇಕಾದ್ದರಿಂದ ತನ್ನ ಲಾಭವನ್ನು ಬಿಟ್ಟು ಬೆಲೆ ಹೇಳುತ್ತಾನೆ. ಮೂರನೆಯದು ಬೆಂಗಳೂರು, ಮುಂಬೈಗಳಲ್ಲಿ ನಡೆಯುವ ಹರಾಜು. ಅಪರೂಪದ ನಾಣ್ಯಕ್ಕೆ ಇದು ಉತ್ತಮ ದಾರಿಯಾದರೂ ಹರಾಜು ಸಂಸ್ಥೆಯ ದಲ್ಲಾಳಿ ಕಳೆಯಬೇಕು. ಹಣ ಕೈಸೇರಲು ತಿಂಗಳುಗಳೇ ಬೇಕಾಗಬಹುದು. ಸಾಮಾನ್ಯ ನಾಣ್ಯಕ್ಕೆ ಈ ದಾರಿ ತುಳಿದರೆ ಪ್ರಯಾಣದ ಖರ್ಚೂ ಹುಟ್ಟಲಾರದು.

ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಜಾಲತಾಣದಲ್ಲಿ ಒಬ್ಬನು 5 ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಎಂದು ಬರೆದುಕೊಳ್ಳಬಹುದು; ಅದನ್ನು ಯಾರಾದರೂ ಕೊಂಡರೇ ಎಂಬುದು ಮುಖ್ಯ. ಹರಾಜು ಸಂಸ್ಥೆಗಳು ಪ್ರಕಟಿಸುವ, ವಾಸ್ತವವಾಗಿ ಮಾರಾಟವಾದ ಬೆಲೆಗಳ ಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಹುಣಸೆಹಣ್ಣು, ನಿಂಬೆರಸ, ವಿಭೂತಿ ಹಾಕಿ ತಿಕ್ಕಿ ಬೆಳಗುವುದು ಪೂಜೆಯ ಪಾತ್ರೆಗೆ ಸರಿ, ಸಂಗ್ರಹದ ನಾಣ್ಯಕ್ಕೆ ಸರಿಯಲ್ಲ. ತಿಕ್ಕಿದ ಗೀರು ಎಂದಿಗೂ ಹೋಗದು; ಕಪ್ಪಾದ ಬೆಳ್ಳಿಯೇ ಬೆಳಗಿದ ಬೆಳ್ಳಿಗಿಂತ ಹೆಚ್ಚು ಬೆಲೆ ತರುತ್ತದೆ. ಟಂಕಸಾಲೆಯ ನಾಣ್ಯವಾದರೆ ಮೂಲ ಪೆಟ್ಟಿಗೆ, ಪ್ರಮಾಣಪತ್ರ, ರಸೀದಿ ಮೂರೂ ಜೊತೆಗಿರಬೇಕು.

ಮೋಸದ ಮುಖಗಳು

ಒಂದು ಮಾದರಿ ಹೀಗಿದೆ. ವೈಷ್ಣೋದೇವಿ ಚಿತ್ರವುಳ್ಳ 2012ರ 5 ರೂಪಾಯಿ ನಾಣ್ಯ ಅಥವಾ ಟ್ರ್ಯಾಕ್ಟರ್ ಚಿತ್ರದ ಹಳೆಯ 5 ರೂಪಾಯಿ ನೋಟು ಇದ್ದರೆ ಲಕ್ಷ ಲಕ್ಷ ಕೊಡುವುದಾಗಿ ಜಾಹೀರಾತು ಬರುತ್ತದೆ. ಚಿತ್ರ ಕಳುಹಿಸಿದ ಕೂಡಲೇ ‘ನಿಮ್ಮ ನಾಣ್ಯ ಆಯ್ಕೆಯಾಗಿದೆ’ ಎಂಬ ಉತ್ತರ. ಅನಂತರ ನೋಂದಣಿ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕ್ ಅನುಮತಿ ಎಂದು ಒಂದೊಂದಾಗಿ ಹಣ ಕೇಳುತ್ತಾರೆ. ನಾಣ್ಯ ಇಲ್ಲಿಯೇ ಉಳಿಯುತ್ತದೆ, ಹಣ ಹೋಗಿರುತ್ತದೆ. ಮಗಳ ಮದುವೆಗೆಂದು ಕೂಡಿಟ್ಟ ಹಣ ಹೀಗೆ ಕರಗಿದರೆ ಅದನ್ನು ತುಂಬಿಕೊಡುವವರಿಲ್ಲ. ಹಳೆಯ ನಾಣ್ಯ, ನೋಟುಗಳ ಖರೀದಿ ಅಥವಾ ಮಾರಾಟದಲ್ಲಿ ತಾನು ತೊಡಗಿಲ್ಲ, ಅಂತಹ ವ್ಯವಹಾರಕ್ಕೆ ಯಾವುದೇ ಶುಲ್ಕ ಪಡೆಯುವುದಿಲ್ಲ, ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ನೀಡಿದೆ. ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಇನ್ನೊಂದು ಮಾದರಿ ಹಳೆಯದು. ‘ಮನೆಯ ಪಾಯ ತೋಡುವಾಗ ಚಿನ್ನದ ನಾಣ್ಯ ಸಿಕ್ಕಿವೆ, ಕಡಿಮೆ ದರಕ್ಕೆ ಕೊಡುತ್ತೇವೆ’ ಎಂದು ನಂಬಿಸಿ, ಮೊದಲು ಒಂದೆರಡು ಅಸಲಿ ನಾಣ್ಯ ತೋರಿಸಿ, ಅನಂತರ ಹಿತ್ತಾಳೆಯ ಗಂಟು ಕೊಡುವ ಪ್ರಕರಣಗಳು ಮಧ್ಯ ಹಾಗೂ ಉತ್ತರ ಕರ್ನಾಟಕದಲ್ಲಿ ಮೇಲಿಂದ ಮೇಲೆ ವರದಿಯಾಗುತ್ತಿವೆ. ಇದರಲ್ಲಿ ಕೊಳ್ಳಲು ಹೋದವನೂ ಕಾನೂನಿನ ಎದುರು ನಿರ್ದೋಷಿಯಲ್ಲ ಎಂಬುದನ್ನು ಮರೆಯಬಾರದು.

ನಕಲಿಯನ್ನು ಪತ್ತೆ ಹಚ್ಚಲು ಮೊದಲ ಸಾಧನ ತಕ್ಕಡಿ. ಅಧಿಸೂಚಿತ ತೂಕ, ವ್ಯಾಸ ತಾಳೆಯಾಗಬೇಕು. ಬೆಳ್ಳಿ, ಚಿನ್ನ, ಪ್ಲಾಟಿನಂ ಮೂರೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಸಣ್ಣ ಗುಳಿಗಳು ಕಾಣುತ್ತವೆ. ಒಂದು ಘನ ಸೆಂಟಿಮೀಟರ್ ಬೆಳ್ಳಿ ಹತ್ತೂವರೆ ಗ್ರಾಂ ತೂಗಿದರೆ ಚಿನ್ನ 19.3 ಗ್ರಾಂ, ಪ್ಲಾಟಿನಂ ಸುಮಾರು 21.4 ಗ್ರಾಂ ತೂಗುತ್ತದೆ. ಆದ್ದರಿಂದ ಬೆಳ್ಳಿಯಷ್ಟೇ ಹಗುರಾದ ‘ಪ್ಲಾಟಿನಂ’ ನಾಣ್ಯ ಪ್ಲಾಟಿನಂ ಆಗಿರಲು ಸಾಧ್ಯವಿಲ್ಲ.

ಟಂಕಸಾಲೆಯ ಗುರುತಿನ ಹೆಸರಿನಲ್ಲಿಯೂ ಬೆಲೆ ಏರಿಸುವವರಿದ್ದಾರೆ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಇದೆ ಅಥವಾ ಇಲ್ಲ ಎಂಬ ಮಾತ್ರಕ್ಕೆ ನಾಣ್ಯ ಅಪರೂಪವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

- ನಾಣ್ಯ ಸಂಗ್ರಹ ಅಪರಾಧವಲ್ಲ. ಆದರೆ 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು ಶಿಕ್ಷಾರ್ಹ.

- 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಮಾನ್ಯತೆ 2011ರ ಜೂನ್ 30ರಿಂದ ಕೊನೆಗೊಂಡಿದೆ. 10 ರೂಪಾಯಿ ನಾಣ್ಯಗಳ 14 ವಿನ್ಯಾಸಗಳೂ ಮಾನ್ಯ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಅವುಗಳನ್ನು ನಿರಾಕರಿಸುವುದಕ್ಕೂ ಅಪರೂಪವೆಂದು ಕೂಡಿಡುವುದಕ್ಕೂ ಕಾರಣವಿಲ್ಲ.

- ನೂರು ವರ್ಷ ಮೀರಿದ ನಾಣ್ಯ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಅಂಥವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಮಹಬೂಬ್ ಅಲಿ ಖಾನರ ರೂಪಾಯಿಗಳು ಈಗಾಗಲೇ ಈ ವಯಸ್ಸನ್ನು ದಾಟಿವೆ.

- ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಸಿಕ್ಕವನ ಸ್ವತ್ತಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮುಚ್ಚಿಡುವುದು ಅಪರಾಧ.

ಸಂಗ್ರಹ ಆರಂಭಿಸುವವರಿಗೆ

ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ದುಬಾರಿ ಲೋಹದಿಂದ ಆರಂಭಿಸುವ ಅಗತ್ಯವಿಲ್ಲ. ಒಂದು ವಿಷಯ ಆಯ್ದುಕೊಂಡರೆ ಸಾಕು. ಕೃಷಿಕರ ನಾಡಿನವರು 1970ರ ದಶಕದ ‘ಎಲ್ಲರಿಗೂ ಆಹಾರ’, ‘ಹೆಚ್ಚು ಆಹಾರ ಬೆಳೆಯಿರಿ’ ಸರಣಿಯ ನಾಣ್ಯಗಳಿಂದ ಹಿಡಿದು ಆಹಾರ ಮತ್ತು ಕೃಷಿ ಸಂಸ್ಥೆಯ 75ನೇ ವರ್ಷಕ್ಕೆ 2020ರಲ್ಲಿ ಬಂದ 75 ರೂಪಾಯಿ ನಾಣ್ಯದವರೆಗೆ ಸೇರಿಸಬಹುದು. ಮತ್ತೊಬ್ಬರು ಹಾಲಿ ಸಿಕ್ಕಾದ ಕಾಣಿ, ಆಣೆ, ರೂಪಾಯಿಗಳನ್ನು ಇಸವಿವಾರು ಜೋಡಿಸಬಹುದು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ತೇವವಿಲ್ಲದ ಕಡೆ ಇಡಬೇಕು, ಅಗ್ಗದ ಪಿವಿಸಿ ಚೀಲಗಳನ್ನು ಬಳಸಬಾರದು. ಅವುಗಳಿಂದ ನಾಣ್ಯಕ್ಕೆ ಹಸಿರು ಬಣ್ಣದ ಕಲೆ ಹತ್ತುತ್ತದೆ.

ಮುಖ್ಯವಾಗಿ, ಮನೆಯ ಹಿರಿಯರಿರುವಾಗಲೇ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕು. ಪ್ರತಿ ನಾಣ್ಯದ ಎರಡೂ ಬದಿಯ ಚಿತ್ರ ತೆಗೆದು, ತೂಕ, ಇಸವಿ, ಅದು ಮನೆಗೆ ಬಂದ ಬಗೆಯನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಅಜ್ಜಿಯ ಮದುವೆಯಲ್ಲಿ ಉಡಿ ತುಂಬಿದ ರೂಪಾಯಿ ಯಾವುದು, ಹೊಸಪೇಟೆ ಸಂತೆಯಿಂದ ಬಂದ ಕಲ್ದಾರ ಯಾವುದು ಎಂಬ ವಿವರ ಆಕೆಗೆ ಮಾತ್ರ ಗೊತ್ತಿರುತ್ತದೆ.

ಪ್ಲಾಟಿನಂ ನಾಣ್ಯವನ್ನು ಹಣವಿದ್ದವರು ನಾಳೆಯೂ ಕೊಳ್ಳಬಹುದು. ಅದನ್ನು ಮಾಡುವ ಟಂಕಸಾಲೆಗಳು ಹೊರದೇಶಗಳಲ್ಲಿ ನಡೆಯುತ್ತಲೇ ಇವೆ. ಮೂಸೆಗೆ ಬಿದ್ದ ಹಾಲಿ ರೂಪಾಯಿಯನ್ನು ಮರಳಿ ಅಚ್ಚು ಹಾಕುವ ಟಂಕಸಾಲೆ ಮಾತ್ರ ಈಗ ಎಲ್ಲಿಯೂ ಇಲ್ಲ. ಮಾರಲೇಬೇಕಾದ ಪ್ರಸಂಗ ಬಂದಾಗ ಮಾರುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಕೈಯಲ್ಲಿರುವುದು ಏನು ಎಂಬುದು ತಿಳಿದಿರಲಿ.